ನಾಲ್ಕು ಇಂಚು

ಕೋಡಿಬಾಗದ ಮಾಂಜ್ರೇಕರ ಮಾಸ್ತರರ ಅಂಗಡಿಗೆ
ಹೊಸ ಬಟ್ಟೆ ಹೊಲಿಸಲು ಈಗ ಯಾರೂ ಬರುವುದಿಲ್ಲ.
ರೆಡಿಮೇಡ್ ಪ್ಯಾಂಟು ಹಿಡಿದು ಬರುತ್ತಾರೆ
ಬುಡದಲ್ಲಿ ನಾಲ್ಕು ಇಂಚು ತೆಗೆಸಲಿಕ್ಕೆ.
ಕಂಪನಿಯವರ ತಲೆಯೊಳಗೆ ನಿಂತಿರುವ ಗಂಡಸು
ಕಾರವಾರದವನಲ್ಲ. ಅವನ ಕಾಲು ಉದ್ದ.
ಸೀಮೆಸುಣ್ಣದ ಗೆರೆ, ಕತ್ತರಿಯ ಕರಕ್ಕು,
ಬಳೆಯ ಹಾಗೆ ಕೆಳಗೆ ಬೀಳುತ್ತದೆ
ಯಾರೂ ನಡೆಯದ ನಾಲ್ಕು ಇಂಚು.

ಒಂದು ಅಕ್ಕಿಚೀಲದ ತುಂಬ ಇದ್ದವು. ನನಗೆ ಕೊಟ್ಟರು.
"ಹುಬ್ಬಳ್ಳಿ ಕಾಲೇಜಲ್ಲಿ ಚಿಂದಿ ಆಯೋದು ಕಲಿಸ್ತಾರೆ?"
ಹೌದು ಮಾಸ್ತರೆ. ಮೂರನೇ ಸೆಮಿಸ್ಟರಿನಲ್ಲಿ.
ಇಪ್ಪತ್ತೈದು ಅಂಕಕ್ಕೆ.

ಬಾವಿಕಟ್ಟೆಯ ಹತ್ತಿರ ಕೂತು
ಒಂದೊಂದರ ನೂಲು ಎಳೆದು ಕಡ್ಡಿ ಗೀರಿದೆ.
ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಚಿಟಿಕೆ ಬೂದಿ.
ಪಾಲಿಯೆಸ್ಟರ್ ಕುಗ್ಗಿ, ತೊಟ್ಟಿಕ್ಕಿ, ಕರಿಮಣಿಯಾಗುತ್ತದೆ.
ನನ್ನ ಹೆಸರು ರೇಷ್ಮಾ.
ತೊಟ್ಟಿದ್ದ ದುಪಟ್ಟಾದ ನೂಲನ್ನೂ ಪರೀಕ್ಷಿಸಿದೆ:
ಕರಿಮಣಿ.

ಹತ್ತಿಯವನ್ನು ಆರಿಸಿದೆ. ಜೀನ್ಸು, ಶಾಲೆಯ ಖಾಕಿ,
ನೇವಿಯವರ ಬಿಳಿ.
ಬೈತಖೋಲದಲ್ಲಿ ಒಡೆದ ದೋಣಿಯೊಂದರ ಮೊಳೆ ಕಿತ್ತು ತಂದು
ಬಟ್ಟೆಗೆ ಸುತ್ತಿ, ಹುಳಿಗಂಜಿಯಲ್ಲಿ ಮುಳುಗಿಸಿ ಮೂರು ದಿನ.
ನಾತಕ್ಕೆ ನಾಯಿ ಕೂಡ ಹಿತ್ತಲು ಬಿಟ್ಟಿತು,
ಮೀನು ಮಾರಿ ಬಂದ ಆಯಿ ಮೂಗು ಮುಚ್ಚಿದಳು:
ನಮ್ಮನೆಯಲ್ಲಿ ಇದು ಚರಿತ್ರೆ.
ಬಿಚ್ಚಿದರೆ ಮೊಳೆಯ ತಲೆ, ಮೊಳೆಯ ಬೆನ್ನು
ಬಟ್ಟೆಯ ಮೇಲೆ ತುಕ್ಕಿನಲ್ಲಿ ಮಲಗಿದ್ದವು.

ಬಿಳಿಗೆ ಮುರುಗಲು ಸಿಪ್ಪೆಯ ಬಣ್ಣ ಕೊಟ್ಟಿದ್ದೆ.
ತಂತಿಗೆ ಹಾಕಿದ್ದನ್ನು ಕೊಳೆಯೆಂದುಕೊಂಡು
ಆಯಿ ಬಾರ್ ಸೋಪಿನಲ್ಲಿ ತಿಕ್ಕಿಬಿಟ್ಟಳು.
ಕೆಂಪು ಹೋಗಿ ಬೂದುನೀಲಿ,
ಬಂದರಿನಲ್ಲಿ ಬೋಟುಗಳನ್ನು ಕಟ್ಟಿಹಾಕುವ
ಜೂನ್ ತಿಂಗಳ ನೀರಿನದು.
ನಾನು ಕೂಗಾಡಿದೆ. ಆಮೇಲೆ ಬರೆದುಕೊಂಡೆ:
ಮುರುಗಲು, ಸೋಪು, ಆಯಿ.
ಪ್ರಮಾಣ ಗೊತ್ತಿಲ್ಲ.

ಜೋಡಿಸುವುದು ಹೇಗೆ? ಮಿಷನ್ನಿನ ಹೊಲಿಗೆಗೆ ಬಳೆಗಳು ಮುದುಡಿದವು.
ಗಣಪು ಕಾಕಾ ಬಲೆ ಹೆಣೆಯುತ್ತಿದ್ದ.
ಸೂಜಿ ಕಸಿದುಕೊಂಡೆ.
"ಬಟ್ಟೆಗೆ ಬಲೆಗಂಟು ಎಂತಕ್ಕೆ? ಗಂಡು ಹಿಡಿಯೂಕಾ?"
ನಗುತ್ತಲೇ ಕಲಿಸಿದ: ಹೆಬ್ಬೆರಳ ಅಡಿ ಕುಣಿಕೆ,
ಮೇಲೆ ಒಂದು ಸುತ್ತು, ಎಳಿ.
ಈ ಗಂಟು ಒದ್ದೆಯಾದಷ್ಟೂ ಬಿಗಿ.

ಅರವತ್ತೆರಡು ಕಾಲುಗಳ ಒಂದು ನಿಲುವಂಗಿ.
ಅಳತೆಗೆಂದು ಆಯಿಗೆ ತೊಡಿಸಿದೆ. ಸೀರೆಯ ಮೇಲೆಯೇ.
ಕನ್ನಡಿಯಲ್ಲಿ ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು.
"ಜೇಬು ಇಲ್ಲ ಅಲ್ಲೆ?" ಅಂದಳು. ಇಟ್ಟೆ.

ಕಾಲೇಜಿನಲ್ಲಿ ತೊಡುವವಳು ಧಾರವಾಡದ ಶ್ರಾವ್ಯಾ.
ಐದು ಅಡಿ ಒಂಬತ್ತು. ಮೇಡಂ ಟೇಪು ಹಿಡಿದು ಬಗ್ಗಿ
"ಎಲ್ಲ ಚೆನ್ನಾಗಿದೆ" ಎಂದರು,
"ಬುಡದಲ್ಲಿ ನಾಲ್ಕು ಇಂಚು ಸಾಲದು."

ಶನಿವಾರ ಮತ್ತೆ ಬಸ್ಸು. ಮತ್ತೆ ಕೋಡಿಬಾಗ.
ಚೀಲ ಖಾಲಿ. ಈ ವಾರ ಮೂರೇ ಪ್ಯಾಂಟು, ಮೂರೂ ಪಾಲಿಯೆಸ್ಟರ್.
ನಾನು ಹೇಳಿದ್ದಕ್ಕೆ ಮಾಸ್ತರರಿಗೆ ನಗು ತಡೆಯಲಿಲ್ಲ:
"ಮೂವತ್ತೆಂಟು ವರ್ಷದಲ್ಲಿ ಉದ್ದ ಕೇಳಿಕೊಂಡು ಬಂದವಳು ನೀನೊಬ್ಬಳೇ."
ಮತ್ತೆ ಸ್ಟೂಲಿನ ಮೇಲೆ ಕಾಲಿಟ್ಟು
ತಮ್ಮದೇ ಪ್ಯಾಂಟಿನ ಬುಡದ ಹೊಲಿಗೆಯನ್ನು
ಬ್ಲೇಡಿನಿಂದ ಮೆಲ್ಲಗೆ ಬಿಚ್ಚತೊಡಗಿದರು.
"ಬೇರೆಯವರದ್ದು ಕತ್ತರಿಸ್ತೆ. ನನ್ನದು ಒಳಗೆ ಮಡಚಿಡ್ತೆ.
ಬೆಳೆದರೆ ಬೇಕಾಗ್ತದೆ ಅಂತ ನನ್ನ ಆಯಿ ಹೇಳ್ತಿತ್ತು."

ಮೇಲೆಲ್ಲ ಬಿಸಿಲಿಗೆ ನೆರೆತ ಕಂದು.
ಮಡಿಕೆ ಕೆಳಗಿಳಿಯಿತು,
ಅಂಗಡಿಯಿಂದ ಈಗಷ್ಟೇ ತಂದ ಹಾಗೆ
ಹಸಿ ಕಾಫಿಪುಡಿಯ ಬಣ್ಣ, ನಾಲ್ಕು ಇಂಚು,
ಹೊಲಿಗೆಯ ತೂತುಗಳ ಸಾಲಿನಲ್ಲಿ
ಒಂದಿಷ್ಟು ಮರಳು.